ಅನ್‌ಇನ್‌ಸ್ಟಾಲ್ ಆಗದ ಕಸ್ತೂರಿ

ರಾಣೆಬೆನ್ನೂರಿನಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಮದುವೆ ಕಾರ್ಡ್ ಮಾಡಿಕೊಡುವ ಒಂದು ಅಂಗಡಿ. ಬೋರ್ಡಿನ ಮೇಲೆ 'ಲೀಲಾ' ಎಂದಿದೆ... ಪಕ್ಕದಲ್ಲಿ ಉದ್ದನೆಯ ಕಂದು ಟೇಪು.

ಟೇಪಿನಡಿ 'ಕಸ್ತೂರಿ' ಎಂದಿದೆ. ಗೊತ್ತಿಲ್ಲದವರಿಗೂ ಟೇಪ್ ಅಂಟಿಸಿದ ಮೇಲೆ ಗೊತ್ತಾಯಿತು.

ಶಿವಲೀಲಾ, ಕಸ್ತೂರಿ ಇಬ್ಬರೂ ಸೇರಿ ನಡೆಸುತ್ತಿದ್ದ ಅಂಗಡಿ ಅದು. ಪ್ರೂಫ್ ನೋಡುವ ಪದ್ಧತಿಯೂ ಜೋಡಿಯದೇ. ಗಿರಾಕಿ ಬರೆದುಕೊಟ್ಟದ್ದನ್ನು ಒಬ್ಬಳು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಸ್ಕ್ರೀನ್ ನೋಡುತ್ತ ಸಾಲು ಸಾಲಿಗೂ "ಹ್ಞೂ" ಅನ್ನಬೇಕು.

ಹೋದ ವರ್ಷ ಒಂದು ಕಾರ್ಡಿನಲ್ಲಿ ಗುರುವಾರ ಹೋಗಿ ಬುಧವಾರ ಅಚ್ಚಾಯಿತು. ಬೀಗರು ಒಂದು ದಿನ ಮೊದಲೇ ಬಂದಿಳಿದರು.

"ಓದಿದಾಕಿ ನೀನು" ಎಂದಳು ಶಿವಲೀಲಾ.

"ಹ್ಞೂ ಅಂದಾಕಿ ನೀನು" ಎಂದಳು ಕಸ್ತೂರಿ.

ಮಾತು ಅಲ್ಲಿಂದ ಹಿಂದಕ್ಕೆ ಹೋಗುತ್ತ ಹೋಗುತ್ತ ಇಬ್ಬರ ತವರುಮನೆ ತನಕ ಮುಟ್ಟಿತು. ಕಸ್ತೂರಿ ಟಿಫನ್ ಕ್ಯಾರಿಯರ್ ಎತ್ತಿಕೊಂಡು ಹೋದವಳು ಎರಡು ಓಣಿ ಆಚೆ ಸ್ವಂತ ಅಂಗಡಿ ತೆರೆದಳು.

ಅವಳು ಹೋದರೂ ಅವಳು ಹಾಕಿದ ಟೈಪಿಂಗ್ ಸಾಫ್ಟ್‌ವೇರ್ ಹೋಗಲಿಲ್ಲ. ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ, ಅವಳು ಎಂದೋ ತಮಾಷೆಗೆ ಇಟ್ಟಿದ್ದ ಸಾಲು ಕಾಣಿಸಿಕೊಳ್ಳುತ್ತಿತ್ತು...

"ಚಾ ಕುಡಿದ್ಯಾ ಲೀಲಾ?"

ಸಿಟ್ಟಿನಲ್ಲಿರುವ ಮನುಷ್ಯರಿಗೆ ಇದನ್ನು ದಿನಾ ತಡೆದುಕೊಳ್ಳುವುದು ಸುಲಭವಲ್ಲ.

ಒಂದು ಬೆಳಿಗ್ಗೆ ಶಿವಲೀಲಾ ಅನ್‌ಇನ್‌ಸ್ಟಾಲ್ ಒತ್ತಿಯೇಬಿಟ್ಟಳು. ಹಸಿರು ಪಟ್ಟಿ ಮುಕ್ಕಾಲು ಓಡಿ ನಿಂತಿತು. "ಕೆಲವು ಫೈಲ್‌ಗಳನ್ನು ತೆಗೆಯಲಾಗಲಿಲ್ಲ. ಅವನ್ನು ನೀವೇ ತೆಗೆಯಬಹುದು."

ಹೊಸ ಸಾಫ್ಟ್‌ವೇರ್ ಹಾಕಹೋದರೆ ಅದು, ಹಳೆಯದು ಇನ್ನೂ ಒಳಗಿದೆ, ನಾನು ಬರುವುದಿಲ್ಲ ಎಂದಿತು.

"ನಾನ ತಗೀತೀನಿ ಬಿಡು" ಎಂದು ಶಿವಲೀಲಾ ಸೆರಗು ಸಿಕ್ಕಿಸಿ ಕೂತಳು. ಚಹಾ ಕೇಳುವ ಸಾಲು ಹೋಯಿತು. ಪದಕೋಶ ಹೋಯಿತು. ಕಸ್ತೂರಿಯ ಹೆಸರಿನ ಫೋಲ್ಡರ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಇದು ಬಳಕೆಯಲ್ಲಿದೆ" ಎಂದಿತು ಕಂಪ್ಯೂಟರ್.

ಯಾರ ಬಳಕೆಯಲ್ಲಿ ಎಂದು ಕೇಳುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ಹಚ್ಚಿ, ಕಸದ ಬುಟ್ಟಿಗೂ ಬೀಳದ ಹಾಗೆ ಪೂರ್ತಿ ಅಳಿಸಿದಳು. ನೆಮ್ಮದಿಯಾಯಿತು...

ನೆಮ್ಮದಿ ಚನ್ನವೀರಪ್ಪಜ್ಜ ಬರುವ ತನಕ ಇತ್ತು. ಮೊಮ್ಮಗಳ ಮದುವೆ ಕಾರ್ಡು. ಮೊದಲ ಕಾರ್ಡು ಅಮಾವಾಸ್ಯೆಗೆ ಮುಂಚೆ ಮನೆದೇವರ ಮುಂದಿಡಬೇಕು.

"ಸಂಜಿಗೆ ಕೈಯಾಗ ಬೇಕ ನೋಡವಾ. ನಾಳೆ ಅಮಾಸಿ. ತಪ್ಪಿತಂದ್ರ ಈ ಮದಿವಿ ತುಂಬ ನಮ್ಮಾಕಿ ಅದನ್ನ ಆಡ್ತಾಳ."

ಶಿವಲೀಲಾ ಹಿಂದಿನ ದಿನವೇ ಟೈಪ್ ಮಾಡಿಟ್ಟಿದ್ದ ಫೈಲ್ ತೆರೆದಳು. ಕಾರ್ಡಿನ ನೆತ್ತಿಯಲ್ಲಿದ್ದ 'ಶ್ರೀ' ಜಾಗದಲ್ಲಿ ಸಣ್ಣದೊಂದು '2'. ವರ, ವಧು, ಮುಹೂರ್ತ ಎಲ್ಲ ಯಾವುದೋ ದೇಶದ ಅಕ್ಷರ...

ಆ ಫೋಲ್ಡರಿನಲ್ಲಿ ಇದ್ದದ್ದು ಕನ್ನಡ ಫಾಂಟುಗಳು. ಅವು ಹೋದರೆ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿದ ಯಾವ ಕಾರ್ಡೂ ಓದಲು ಬಾರದು. ಅವನ್ನು ದಿನವಿಡೀ ಬಳಸುತ್ತಿದ್ದವಳು ಶಿವಲೀಲಾಳೇ.

ಅಜ್ಜ ಸ್ಟೂಲಿನ ಮೇಲೆ ಆರಾಮಾಗಿ ಕೂತು ಚಹಾ ತರಿಸಿಕೊಂಡ.

ಶಿವಲೀಲಾ ಕಸ್ತೂರಿಯ ನಂಬರನ್ನು ಫೋನಿನಿಂದ ಯಾವಾಗಲೋ ಅಳಿಸಿದ್ದಳು. ಆದರೆ ಬೆರಳಿಗೆ ಬಾಯಿಪಾಠವಿತ್ತು.

"ಏನು?" ಎಂದಳು ಕಸ್ತೂರಿ.

"ಫಾಂಟ್ ಹೋಗ್ಯಾವು."

"ಎಲ್ಲಿ ಹೋಗ್ಯಾವು?"

"ನಾನ ತಗದೀನಿ."



"ಅಲ್ಲವಾ ಲೀಲಾ... ನನ್ನ ಮ್ಯಾಗಿನ ಸಿಟ್ಟಿಗೆ ಶ್ರೀಕಾರಾನ ಅಳಿಸಿಬಿಟ್ಟಿಯಾ?"

ಕಸ್ತೂರಿ ಪೆನ್‌ಡ್ರೈವ್ ಹಿಡಿದು ಬಂದಳು. ಬೋರ್ಡಿನ ಟೇಪನ್ನು ಒಮ್ಮೆ ನೋಡಿ, ಒಳಗೆ ಬಂದು ಕೂತಳು. ಫಾಂಟುಗಳನ್ನು ತುಂಬಿಸಿದಳು. 'ಶ್ರೀ' ತನ್ನ ಜಾಗಕ್ಕೆ ಬಂದು ಕೂತಿತು.

ಹೊರಡಲು ಎದ್ದವಳು ಬಾಗಿಲಲ್ಲಿ ನಿಂತು ಕೇಳಿದಳು, "ಪ್ರೂಫ್ ನೋಡೀಯೇನು?"

"ನೋಡೀನಿ. ನಿನ್ನಿನ, ಒಬ್ಬಾಕಿನ."

"ಒಬ್ಬಾಕಿ ಹೆಂಗ ನೋಡ್ತಿ?"

"ಒಂದ ಸಾಲು ಓದತೀನಿ... ನಿಲ್ಲತೀನಿ... ಯಾರೂ ಏನೂ ಅನ್ನಂಗಿಲ್ಲ. ಮುಂದ ಹೋಗತೀನಿ."

ಕಸ್ತೂರಿ ಚಪ್ಪಲಿ ಮತ್ತೆ ಬಿಟ್ಟಳು.

"ನಾನೂ ಹಂಗ ನಿಲ್ಲತೀನಿ. ಫ್ಯಾನ್ ಸಪ್ಪಳಾನ ಹ್ಞೂ ಅಂತ ತಿಳಕೊಂಡು ಮುಂದ ಹೋಗತೀನಿ" ಎಂದು ಅಜ್ಜನ ಚೀಟಿ ತೆಗೆದುಕೊಂಡು ಓದತೊಡಗಿದಳು.

"ಹ್ಞೂ" ಎಂದಳು ಶಿವಲೀಲಾ. ಕುರ್ಚಿಯನ್ನು ಸ್ಕ್ರೀನಿನ ಹತ್ತಿರ ಎಳೆದುಕೊಂಡಳು. "ಹ್ಞೂ... ಹ್ಞೂ..."

"ವಧುವಿನ ಅಜ್ಜ, ಚನ್ನವೀರಪ್ಪ."

ಹ್ಞೂ ಬರಲಿಲ್ಲ.

ಸ್ಕ್ರೀನಿನಲ್ಲಿ ಇದ್ದದ್ದು 'ಲಿಂ. ಚನ್ನವೀರಪ್ಪ'. ಲಿಂಗೈಕ್ಯರಾದವರ, ಅಂದರೆ ತೀರಿಕೊಂಡವರ ಹೆಸರಿನ ಹಿಂದೆ ಹಾಕುವ 'ಲಿಂ.' ಅದು. ಬೇರೆಯವರ ಹಳೆಯ ಕಾರ್ಡಿನಲ್ಲೇ ಹೆಸರು ಬದಲಿಸುವಾಗ ಒಂದಕ್ಷರ ಹಾಗೇ ಉಳಿದುಹೋಗಿತ್ತು.

ಇಬ್ಬರೂ ತಿರುಗಿ ಸ್ಟೂಲಿನ ಕಡೆ ನೋಡಿದರು. ಲಿಂಗೈಕ್ಯರು ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದರು.

"ಏನವಾ, ಏನರ ತಪ್ಪೈತೇನು?"

"ಏನಿಲ್ಲ ಅಜ್ಜಾರ" ಎಂದಳು ಕಸ್ತೂರಿ. "ನೀವು ಭಾಳ ದಿನ ಬಾಳ್ರಿ."

ಶಿವಲೀಲಾ ಮುಖಕ್ಕೆ ಸೆರಗು ಒತ್ತಿಕೊಂಡು ನಗತೊಡಗಿದಳು. ಕಸ್ತೂರಿಯೂ ನಕ್ಕಳು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು... ನಗು ನಿಂತ ಮೇಲೂ ಬರುತ್ತಲೇ ಇತ್ತು.

ಕಾರ್ಡು ಸಂಜೆಗೆ ಅಜ್ಜನ ಕೈ ಸೇರಿತು, ಬದುಕಿದ್ದ ಅಜ್ಜನ ಹೆಸರಿನೊಂದಿಗೆ.

ಕಸ್ತೂರಿ ತನ್ನ ಅಂಗಡಿ ಮುಚ್ಚಲಿಲ್ಲ. ಬೋರ್ಡಿನ ಟೇಪೂ ಪೂರ್ತಿ ಕಿತ್ತು ಬಂದಿಲ್ಲ. ಆದರೆ ಪ್ರೂಫ್ ಹೊತ್ತಿಗೆ ಒಬ್ಬಳು ಇನ್ನೊಬ್ಬಳಿಗೆ ಫೋನ್ ಹಚ್ಚುತ್ತಾಳೆ. ಎತ್ತಿದವಳು ಮೊದಲು ಕೇಳುವುದು ಒಂದೇ...

"ಚಾ ಕುಡಿದ್ಯಾ?"

*ತೆಗೆದರೂ ಹೋಗದೆ ಉಳಿದದ್ದೆಲ್ಲ ಕಸವಲ್ಲ... ಕೆಲವನ್ನು ನಾವೇ ಇನ್ನೂ ಬಳಸುತ್ತಿರುತ್ತೇವೆ.*

ನಿಮ್ಮ ಸಾಲಿಗೆ "ಹ್ಞೂ" ಅನ್ನುತ್ತಿದ್ದವರು ಯಾರು...? ಅವರ ನಂಬರ್ ನಿಮ್ಮ ಬೆರಳಿಗೆ ಇನ್ನೂ ನೆನಪಿದೆಯೇ?