ಬಳಸು ಹೆಜ್ಜೆ

ಹುಮನಾಬಾದಿನ ಫಂಕ್ಷನ್ ಹಾಲಿನಲ್ಲಿ ಕರಾಟೆಯ ಕಪ್ಪು ಬೆಲ್ಟಿಗೆ ಪರೀಕ್ಷೆ ನಡೆದಿತ್ತು. ಒಬ್ಬಳೇ ನಿಂತು ವರಸೆ ಆಡುತ್ತಿದ್ದ ಕಾಜಲ, ನೇರ ಮುನ್ನುಗ್ಗಿ ಗುದ್ದಬೇಕಾದ ಕಡೆ ಬಲಕ್ಕೆ ಸರಿದು, ಕಾಣದ ಏನನ್ನೋ ಬಳಸಿಕೊಂಡು ಹೋಗಿ, ಆಮೇಲೆ ಗುದ್ದಿದಳು. ಪರೀಕ್ಷಕ ರಾಜೀವ ಕೈ ಎತ್ತಿ ನಿಲ್ಲಿಸಿದ.

"ಅಲ್ಲೇನದ ತಂಗಿ? ಯಾಕ ಸುತ್ತ ಹಾಕಿ ಹೊಂಟಿ?"

"ನಮ್ಮ ಸರ್ ಹಿಂಗೇ ಕಲಿಸ್ಯಾರ್ರಿ."

ಎಲ್ಲರ ಕಣ್ಣೂ ಗೋಡೆಗೆ ಒರಗಿದ್ದ ಧನರಾಜನ ಮೇಲೆ ಬಿದ್ದವು. ಬಸವಕಲ್ಯಾಣದಲ್ಲಿ ಕರಾಟೆ ಕಲಿಸುತ್ತಲೇ ತಲೆ ನರೆತ ಮನುಷ್ಯ ಅವನು. "ಇದು ನನಗ ಕಲಿಸಿದ ಉಸ್ತಾದ ಸಿರಾಜುದ್ದೀನರ ಪದ್ಧತಿ ಅದರಿ," ಎಂದ ಗತ್ತಿನಿಂದ. ಮೊಬೈಲಿನಲ್ಲಿ ಬೇರೆ ಥರ ಇದೆಯೆಂದು ಹುಡುಗರು ತೋರಿಸಿದಾಗಲೆಲ್ಲ ಇದೇ ಮಾತು ಹೇಳಿ ಅವರ ಬಾಯಿ ಮುಚ್ಚಿಸಿದ್ದ.

ರಾಜೀವ ಕೆಟ್ಟವನೇನಲ್ಲ. "ಸರ್, ನಿಮಗ ಹೇಳೂವಷ್ಟು ದೊಡ್ಡಾಂವ ನಾ ಅಲ್ಲ. ಖರೆ ಈಗ ಎಲ್ಲಾ ಕಡೆ ಒಂದೇ ನಮೂನಿ ಅದ. ಗುದ್ದಾಕ ಹೋಗಾವ ನೆಟ್ಟಗ ಹೋಗಬೇಕಲ್ರಿ? ನಡುವ ಯಾರೋ ಕುಂತಾರೇನೋ ಅನ್ನೂಹಂಗ ಹೊಂಟಾಳ. ಅರ್ಧ ತಾಸು ಕೊಡ್ತೀನಿ, ತಿದ್ದಿಸಿ ಕರ್ಕೊಂಡು ಬರ್ರಿ," ಎಂದ.

ನಡುವೆ ಯಾರೋ ಕೂತಿದ್ದಾರೆ! ಧನರಾಜನ ಕಣ್ಣೆದುರಿನ ಹಾಲ್ ಮಸುಕಾಗಿ, ಉಸ್ತಾದರ ಮನೆಯಂಗಳ ತೆರೆದುಕೊಂಡಿತು. ಆಗ ಮ್ಯಾಟಿಲ್ಲ, ಬೆಲ್ಟಿಲ್ಲ, ಮೂರು ತಿಂಗಳಿಗೊಮ್ಮೆ ಬಣ್ಣ ಬದಲಿಸುವ ಪರೀಕ್ಷೆಯಿಲ್ಲ. ಪೈಜಾಮ ಮಡಚಿಕೊಂಡ ಹುಡುಗರು ಒಂದೇ ವರಸೆಯನ್ನು ವರ್ಷವೆಲ್ಲ ಆಡುತ್ತಿದ್ದರು. ಆ ಪುಟ್ಟ ಅಂಗಳದ ನಟ್ಟನಡುವೆ, ಎಳೆಬಿಸಿಲು ಬೀಳುವ ಒಂದೇ ಒಂದು ಜಾಗದಲ್ಲಿ, ಉಸ್ತಾದರ ತಾಯಿ ಬೀಬಿಜಾನ ಮೊರ ಹಿಡಿದು ಬೇಳೆ ಹಸನು ಮಾಡುತ್ತ ಕೂತಿರುತ್ತಿದ್ದಳು. ಮೊಣಕಾಲು ನೋವಿನ ಮುದುಕಿ; ಎಬ್ಬಿಸಲು ಯಾರಿಗೆ ಮನಸ್ಸು ಬಂದೀತು? "ಅಮ್ಮೀಗಿ ಕಾಲು ತಾಕಬಾರ್ದು, ಸುತ್ತ ಹಾಕಿ ಹೋಗ್ರಿ," ಎನ್ನುತ್ತಿದ್ದರು ಉಸ್ತಾದರು. ಹುಡುಗರು ಹಾಗೇ ಹೋದರು.

ಮುದುಕಿ ತೀರಿಕೊಂಡಳು. ಉಸ್ತಾದರೂ ಹೋದರು. ಆ ಮನೆ ಕೆಡವಿ ಅಂಗಡಿಗಳನ್ನು ಕಟ್ಟಿದರು. ಕಲಿತ ಕಾಲುಗಳು ಮಾತ್ರ ಬಳಸುವುದನ್ನು ಬಿಡಲಿಲ್ಲ. ಅವಳ ಮುಖವನ್ನೇ ಕಾಣದ ಮಕ್ಕಳು ಕೂಡ ಇಷ್ಟು ವರ್ಷ ಅವಳನ್ನು ಬಳಸಿಕೊಂಡೇ ಹೋಗುತ್ತಿದ್ದರು. ಪದ್ಧತಿ ಎಂದು ತಾನು ಎದೆಯುಬ್ಬಿಸಿದ್ದು ಒಬ್ಬ ಮುದುಕಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಜಾಗಕ್ಕಾಗಿ! ಧನರಾಜ ತನ್ನಷ್ಟಕ್ಕೇ ನಕ್ಕು, ಕಾಜಲಳನ್ನು ಹೊರಗೆ ಕರೆದುಕೊಂಡು ಹೋದ.

"ಸರ್, ಬೆಲ್ಟ್ ಸಿಗಲಿಲ್ಲಂದ್ರ ಹಾಸ್ಟೆಲ್ ಕೆಲಸ ಹೋಯ್ತ್ರಿ," ಎಂದು ಕಾಜಲ ಹೊರಗಿನ ಪಡಸಾಲೆಯಲ್ಲಿ ಅಳುಮೋರೆ ಮಾಡಿದಳು. ಮೋರಖಂಡಿಯ ಕೂಲಿಯವರ ಮಗಳು. ಹಾಸ್ಟೆಲಿನ ಹುಡುಗಿಯರಿಗೆ ಕರಾಟೆ ಕಲಿಸುವ ಕೆಲಸವೊಂದು ಈ ಬೆಲ್ಟಿಗಾಗಿಯೇ ಕಾದು ನಿಂತಿತ್ತು. ಧನರಾಜ ಏನನ್ನೂ ಮುಚ್ಚಿಡದೆ ಬೀಬಿಜಾನಳ ಸಂಗತಿ ಹೇಳಿಬಿಟ್ಟ. "ನನಗೂ ಈಗೇ ಹೊಳೀತವ್ವ. ಅಲ್ಲಿ ಯಾರೂ ಇಲ್ಲ. ನೆಟ್ಟಗ ಹೋಗು."

ಕಾಜಲ ಹೋಗಿ ನೋಡಿದಳು. ಕಾಲು ಬಲಕ್ಕೇ ತಿರುಗಿತು. ಮತ್ತೆ ನೋಡಿದಳು. ಮತ್ತೆ ಅದೇ.

"ನೀವು ಹೇಳಬಾರ್ದಾಗಿತ್ರಿ ಸರ್," ಎಂದಳು ಸೋತು. "ಮೊದಲ ಬರೇ ಹೆಜ್ಜಿ ಇತ್ತು. ಈಗ ಆ ಆಯಿ ಕಾಣಾಕತ್ತಾಳ. ಹ್ಯಾಂಗ ತುಳೀಲಿ?"

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಕಾಜಲ ಮ್ಯಾಟಿನ ತುದಿಯಲ್ಲಿ ನಿಂತಳು. ಎತ್ತರದ ಕಿಟಕಿಯಿಂದ ಬಿಸಿಲಿನ ತುಂಡೊಂದು ಮ್ಯಾಟಿನ ನಡುವೆ ಬಿದ್ದಿತ್ತು. ಧನರಾಜ ನೋಡಿದ. ಬೀಬಿಜಾನ ಅಲ್ಲೇ ಕೂತಿದ್ದಳು. ಕಾಲು ಚಾಚಿ, ಬೇಳೆಯಲ್ಲಿ ಕಲ್ಲು ಹುಡುಕುತ್ತ, ಈ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವಷ್ಟು ನೆಮ್ಮದಿಯಿಂದ. ಉಸ್ತಾದರ ಬಾಯಿಂದಲೂ ಬಾರದಿದ್ದ ಮಾತನ್ನು ಅವನು ಮನಸ್ಸಿನಲ್ಲೇ ಆಡಿದ: "ಅಮ್ಮೀ, ಜರಾ ಏಳ್ರಿ. ಹುಡುಗೀದು ಹೊಟ್ಟಿಪಾಡದ."

ಮುದುಕಿ ತಲೆಯೆತ್ತಿ ನೋಡಿದಳು. ಮೊರ ಪಕ್ಕಕ್ಕಿಟ್ಟಳು. ಮೊಣಕಾಲಿಗೆ ಕೈಯೂರಿ, ಒಂದಿಷ್ಟೂ ಗೊಣಗದೆ, ನಿಧಾನ ಎದ್ದಳು.

ಕಾಜಲಳ ಹೆಜ್ಜೆ ನೆಟ್ಟಗೆ ಹೋಯಿತು. ಮುಷ್ಟಿ ಗಾಳಿಯನ್ನು ಸೀಳಿ ನಿಂತಿತು. ಹಾಲ್ ತುಂಬ ಚಪ್ಪಾಳೆ. "ಶಾಬಾಶ್ ತಂಗಿ!" ಎಂದು ರಾಜೀವ ತಾನೇ ಬಂದು ಅವಳ ಸೊಂಟಕ್ಕೆ ಕಪ್ಪು ಬೆಲ್ಟು ಕಟ್ಟಿದ. ಹುಡುಗಿ ಓಡಿ ಬಂದು ಧನರಾಜನ ಕಾಲು ಹಿಡಿದಳು. ಅವಳ ತಲೆಯ ಮೇಲೆ ಕೈಯಿಟ್ಟ ಧನರಾಜನ ಕಣ್ಣು ಮಾತ್ರ ಮ್ಯಾಟಿನ ಮೇಲೇ ಇತ್ತು.

ಚಪ್ಪಾಳೆಯ ನಡುವೆ ಬೀಬಿಜಾನ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ಅತ್ತ ಇತ್ತ ನೋಡುತ್ತ ನಿಂತಿದ್ದಳು.

"ಎದ್ದೀನಿ ಬೇಟಾ," ಎಂದಳು. "ಈಗ ಎಲ್ಲಿ ಕುಂದರ್ಲಿ?"