ಸುಣ್ಣ ತಿಂದವರು ಯಾರು

ಹಸಿ ಸುಣ್ಣದ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನ್ನ ಬಾಯಲ್ಲಿ ನೀರೂರುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ.

ಉಣಕಲ್ಲಿನ ನಮ್ಮ ಮನೆಗೆ ಅಪ್ಪ ಸುಣ್ಣ ಬಳಿದು ನಾಲ್ಕು ದಿನವಾಗಿತ್ತು. ಒಂದು ಮಧ್ಯಾಹ್ನ ನೋಡಿದರೆ ಹಿತ್ತಲ ಗೋಡೆಯನ್ನು ಅಂಗೈಯಗಲ ಯಾರೋ ಕೆರೆದಿದ್ದರು. ಯಾರೆಂದು ಅಪ್ಪ ಕೇಳಿದಾಗ ನಾನು ನಮ್ಮ ಜವಾರಿ ಕೋಳಿ ಕೆಂಪಿಯನ್ನು ತೋರಿಸಿದೆ.

"ಯವ್ವಾ, ಸಂಜೀಕ ಇದನ್ನ ಕೊಯ್ದು ಸಾರು ಮಾಡೋಣು," ಎಂದ ಅಪ್ಪ.

ಅಜ್ಜಿ ಸುಣ್ಣದ ಚಕ್ಕೆಯನ್ನೂ ಶೇಂಗಾ ಹಿಂಡಿಯನ್ನೂ ತಂದು ಕೋಳಿಗಳ ಮುಂದಿಟ್ಟಳು. ಗೂಡಿನಲ್ಲಿ ಕೂಡಿಹಾಕಿದ್ದ ಬಿಳಿ ಫಾರಂ ಕೋಳಿ ಸುಣ್ಣಕ್ಕೆ ಬಾಯಿ ಹಾಕಿತು. ಕೆಂಪಿ ಸುಣ್ಣವನ್ನು ಮೂಸಿಯೂ ನೋಡದೆ ಹಿಂಡಿಯನ್ನೇ ಮುಕ್ಕಿತು.

"ಬಿಳೇದು ದಿನಾ ತತ್ತಿ ಇಡತೈತಿ, ಅದಕ್ಕ ಸುಣ್ಣ ಬೇಕು. ಅದು ಗೂಡು ಬಿಟ್ಟು ಹೊರಗ ಬಂದಿಲ್ಲ. ಕೆಂಪಿ ಇನ್ನೂ ತತ್ತಿ ಇಡದ ಕೂಸು, ಅದಕ್ಯಾಕ ಸುಣ್ಣ?" ಎನ್ನುತ್ತಾ ಅಜ್ಜಿ ಸೆರಗಿನಿಂದ ನನ್ನ ತುಟಿ ಒರೆಸಿ, ಬೆಳ್ಳಗಾದ ಸೆರಗನ್ನು ಅಪ್ಪನಿಗೆ ತೋರಿಸಿದಳು. "ನಿನ್ನ ಮಗ ಯಾವಾಗ ತತ್ತಿ ಇಡ್ತಾನ, ಕೇಳು."

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ಕೆಂಪಿ ಮೊದಲ ತತ್ತಿ ಇಟ್ಟ ದಿನ, ಚಡ್ಡಿಯ ಕಿಸೆಯಲ್ಲಿ ಬಚ್ಚಿಟ್ಟಿದ್ದ ಸುಣ್ಣದ ಚಕ್ಕೆಗಳನ್ನೆಲ್ಲ ಅದರ ಮುಂದೆ ಸುರಿದೆ. ಒಂದನ್ನೂ ಬಿಡದೆ ತಿಂದಿತು.