ಯಜಮಾನರು ತೋರಿಸಿದಲ್ಲಿ

“ಅದೂ ಇನ್ನೇನು ವಿಮಾನ ಹತ್ಬೇಕು, ಅಷ್ಟರಲ್ಲಿ ಸಿಕ್ಕಿಬಿದ್ರು ನಿಮ್ಮ ಗಂಡ. ಆರು ವರ್ಷದಿಂದ ನಯಾಪೈಸೆ ತೆರಿಗೆ ಕಟ್ಟಿಲ್ಲ ಕಣಮ್ಮ.”

ತೆರಿಗೆ ಅಧಿಕಾರಿ ಬಿಳಿ ಸೋಫಾದಲ್ಲಿ ಕೂರುವ ಮೊದಲೇ ಸುದ್ದಿ ಹೇಳಿ ಮುಗಿಸಿದ್ದರು. ಎದುರಿಗಿದ್ದ ಹೆಂಗಸು ಅಳಲಿಲ್ಲ. ಕಿಟಕಿಯಾಚೆ ಈಜುಕೊಳದಲ್ಲಿ ತೇಲುತ್ತಿದ್ದ ಎಲೆಯೊಂದನ್ನು ನೋಡುತ್ತ ಕುಳಿತಳು. ವಿಪರೀತ ಸೆಕೆ. ಅವಳ ಪಕ್ಕದಲ್ಲಿದ್ದ ವಕೀಲರು ಎದ್ದು, ಪರದೆಯ ಹಿಂದೆ ಕೈ ಹಾಕಿ ಫ್ಯಾನಿನ ಸ್ವಿಚ್ ಒತ್ತಿ ಬಂದರು. ಮನೆಯ ನಾಯಿ ಬಂದು ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು.

ಕಂಪನಿಯ ಕಾಗದಗಳಲ್ಲಿ ಗಂಡ ಹೆಂಡತಿ ಇಬ್ಬರ ಸಹಿಯೂ ಇದೆ ಎಂದರು ಅಧಿಕಾರಿ. ಓದಿಯೇ ಹಾಕಿದಿರಾ ಎಂದು ಕೇಳಿದರು.

“ಓದ್ತಿರಲಿಲ್ಲ. ಯಜಮಾನರು ತೋರಿಸಿದಲ್ಲಿ ಹಾಕ್ತಿದ್ದೆ.”

ಅಧಿಕಾರಿಗೆ ನಗು ಬಂತು. ವಾರಕ್ಕೊಂದು ಪಾರ್ಟಿ, ಸ್ವಂತ ದೋಣಿ, ಬೀರು ತುಂಬ ಬೆಲೆಚೀಟಿ ಕೂಡ ಕೀಳದ ಬಟ್ಟೆಗಳು. ಇಷ್ಟೆಲ್ಲ ಅನುಭವಿಸಿ ಏನೂ ಗೊತ್ತಿಲ್ಲವೆಂದರೆ ನಂಬಲು ತನ್ನ ಕಿವಿಯ ಮೇಲೇನು ಹೂವಿದೆಯೇ ಎಂದು ಕೇಳಿದರು.

“ಪಾರ್ಟಿಗೆ ಬಂದೋರ ಹೆಸರೂ ನಂಗೊತ್ತಿಲ್ಲ. ನಗ್ತಾ ನಿಂತಿರು ಅಂತಿದ್ರು ಯಜಮಾನರು. ನಿಂತಿರ್ತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ತರಕಾರಿಯ ಬೆಲೆ ಹೇಳಿದ ಹಾಗಿತ್ತು. ವಕೀಲರು ನಡುವೆ ಬಾಯಿ ಹಾಕಿ, ಪಾಪದ ಹೆಂಗಸು, ಎಲ್ಲ ಗಂಡನದೇ ಕಾರುಬಾರು ಎಂದರು.

ಅಧಿಕಾರಿ ಕರಗಿದರು. ಹೇಳಿಕೆ ಟೈಪಾಯಿತು. ಅದಕ್ಕೆ ಸಹಿ ಹಾಕಿದರೆ ಅವಳು ಬಚಾವ್. ತೆರಿಗೆಯ ಬಾಕಿ, ಜೈಲು, ಎರಡೂ ಗಂಡನ ತಲೆಗೆ.

“ಹಾಕು,” ಎಂದರು ವಕೀಲರು. ಮರುಕ್ಷಣವೇ, “ಹಾಕಿ ಅಮ್ಮ,” ಎಂದು ತಿದ್ದಿಕೊಂಡರು.

ಅವಳು ಮೊದಲ ಸಲ ಓದಿದಳು. ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ.

“ಗಂಡ ತೋರಿಸಿದಲ್ಲಿ ಅಂತ ಬರೆದಿದೀರಿ. ನಾನು ಹಾಗೆ ಹೇಳಲಿಲ್ಲ.”

“ಯಜಮಾನರು ಅಂದ್ರೆ ಗಂಡ ತಾನೇ ತಾಯಿ?”

“ಅಲ್ಲ ಸಾರ್. ನಮ್ಮ ಮನೆಯವರೂ ನನ್ನ ಥರಾನೇ ಇಲ್ಲಿ ಸಂಬಳಕ್ಕಿದ್ದೋರು.”

ಅಧಿಕಾರಿ ಹಾಳೆಯನ್ನು ಎರಡಾಗಿ ಹರಿದರು. ನಾಳೆ ಹತ್ತು ಗಂಟೆಗೆ ಕಚೇರಿಗೆ ಬನ್ನಿ, ಬರುವಾಗ ಆ ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದರು.

ಅವಳು ಪಕ್ಕಕ್ಕೆ ತಿರುಗಿ ವಕೀಲರ ಮುಖ ನೋಡಿದಳು.

“ನಾಳೆ ಹತ್ತಕ್ಕಂತೆ, ಯಜಮಾನರೇ.”